ಸ್ಪೋರ್ಟ್ಸ್ ಬೈಕಿಗೆ ಎರಡು ಸಿಲಿಂಡರ್ ಸಾಲದೇ?

ನಮ್ಮ ಕಾಲೇಜಿನಲ್ಲಿ ಊಟದ ಬಿಡುವಿನಲ್ಲಿ ಕ್ರಿಕೆಟ್ ಬಿಟ್ಟರೆ ಅತಿ ಹೆಚ್ಚು ವಾದ ನಡೆಯುವುದು ಬೈಕುಗಳ ಬಗ್ಗೆ. ವಾದ ಮಾಡುವ ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಹದಿನೆಂಟು ತುಂಬಿಲ್ಲ, ಗೇರಿನ ಬೈಕು ಓಡಿಸುವ ಲೈಸೆನ್ಸೂ ಇಲ್ಲ. ಆದರೂ ಯಾವುದು ‘ನಿಜವಾದ’ ಸ್ಪೋರ್ಟ್ಸ್ ಬೈಕ್ ಎಂದು ತೀರ್ಪು ಕೊಡುವುದರಲ್ಲಿ ಯಾರೂ ಹಿಂದೆ ಬಿದ್ದಿಲ್ಲ. ಸದ್ಯಕ್ಕೆ ಗೆದ್ದಿರುವ ಅಭಿಪ್ರಾಯ ಇದು: ಸ್ಪೋರ್ಟ್ಸ್ ಬೈಕ್ ಎಂದರೆ ನಾಲ್ಕು ಸಿಲಿಂಡರ್, ಎರಡು ಸಿಲಿಂಡರಿನದ್ದು ಕಂಪನಿಗಳು ದುಡ್ಡು ಉಳಿಸಲು ಹೂಡಿದ ಆಟ. ನಾನು ಇದನ್ನು ಒಪ್ಪುವುದಿಲ್ಲ. ರಸ್ತೆಯಲ್ಲಿ ಓಡುವ ಸ್ಪೋರ್ಟ್ಸ್ ಬೈಕಿಗೆ ಇನ್ನು ಮುಂದೆ ಎರಡು ಸಿಲಿಂಡರೇ ಗತಿ, ಮತ್ತು ಅದರಿಂದ ನಮಗೆ ನಷ್ಟವೇನೂ ಇಲ್ಲ ಎಂಬುದು ನನ್ನ ವಾದ.

ನಾಲ್ಕು ಸಿಲಿಂಡರಿನ ಮೇಲಿನ ಮೋಹ ಸುಮ್ಮನೆ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ವೇಗದ ಬೈಕ್ ಎಂದರೆ ಟ್ರಯಂಫ್ ಬಾನವಿಲ್‌ನಂಥ ಬ್ರಿಟಿಷ್ ಬೈಕುಗಳು. ಅವುಗಳಲ್ಲಿ ಇದ್ದದ್ದು ಎರಡೇ ಸಿಲಿಂಡರ್. ವೇಗ ಏರಿದಂತೆ ಕೈ ಜುಮ್ಮೆನ್ನುವಷ್ಟು ನಡುಕ. ರೇಸಿನಲ್ಲಿ ಗಿಲೆರಾ, ಎಂವಿ ಅಗುಸ್ಟಾ ಕಂಪನಿಗಳು 1950ರ ದಶಕದಲ್ಲೇ ನಾಲ್ಕು ಸಿಲಿಂಡರಿನ ಬೈಕು ಓಡಿಸಿ ಗೆದ್ದಿದ್ದವು, ಆದರೆ ಅವು ಸಾಮಾನ್ಯರ ಕೈಗೆ ಸಿಗುವ ಬೈಕುಗಳಲ್ಲ. 1969ರಲ್ಲಿ ಹೋಂಡಾ ಸಿಬಿ750 ಬಂತು. ಅಡ್ಡಲಾಗಿ ಸಾಲಾಗಿ ಕೂತ ನಾಲ್ಕು ಸಿಲಿಂಡರ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಗುಂಡಿ ಒತ್ತಿದರೆ ಸ್ಟಾರ್ಟ್, ಎಲ್ಲವೂ ಜನ ಕೊಳ್ಳಬಹುದಾದ ಬೆಲೆಗೆ. ಬ್ರಿಟಿಷ್ ಕಂಪನಿಗಳು ಆ ಪೆಟ್ಟಿನಿಂದ ಚೇತರಿಸಿಕೊಳ್ಳಲೇ ಇಲ್ಲ. ಅಲ್ಲಿಂದ ಮುಂದೆ ಮೂರು ದಶಕ ಜಪಾನಿನ ನಾಲ್ಕೂ ಕಂಪನಿಗಳು ಇದೇ ದಾರಿಯಲ್ಲಿ ಪೈಪೋಟಿ ನಡೆಸಿದವು. 1999ರಲ್ಲಿ ಬಂದ ಯಮಹಾ ಆರ್6 ಆ ಪೈಪೋಟಿಯ ಫಲ.

ಈಗ ಆ 600 ಸಿಸಿ ವರ್ಗವೇ ಕರಗುತ್ತಿದೆ. ಹೋಂಡಾದ ಸಿಬಿಆರ್600ಆರ್‌ಆರ್, ಕವಾಸಕಿಯ ಝಡ್‌ಎಕ್ಸ್-6ಆರ್ ಇನ್ನೂ ಉಳಿದಿವೆ ನಿಜ. ಆದರೆ ಯುರೋಪಿನಲ್ಲಿ 2020ರ ನಂತರ ಯಮಹಾ ಆರ್6 ಅನ್ನು ರಸ್ತೆ ಬೈಕಾಗಿ ಮಾರುವುದನ್ನು ನಿಲ್ಲಿಸಿತು. ಮರುವರ್ಷ ಬಂದದ್ದು ಎರಡು ಸಿಲಿಂಡರಿನ ಆರ್7. ಅದಕ್ಕೂ ಮೊದಲೇ ಏಪ್ರಿಲಿಯಾ ಆರ್‌ಎಸ್660 ಬಂದಿತ್ತು, ಆಮೇಲೆ ಸುಜುಕಿ ಜಿಎಸ್‌ಎಕ್ಸ್-8ಆರ್ ಬಂತು. ಎಲ್ಲವೂ ಎರಡು ಸಿಲಿಂಡರಿನವೇ.

ನಮ್ಮ ಊರಿನ ರಸ್ತೆಯಲ್ಲಿ ಆರ್6 ಆಗಲಿ ಆರ್7 ಆಗಲಿ ಕಾಣಸಿಗುವುದಿಲ್ಲ. ಆದರೂ ಉದಾಹರಣೆಗೆ ಇವೆರಡೇ ಸರಿ. ಆರ್6ನದು 599 ಸಿಸಿ, 14,500 ಆರ್‌ಪಿಎಂನಲ್ಲಿ ಸುಮಾರು 118 ಅಶ್ವಶಕ್ತಿ. ಆರ್7ನದು 689 ಸಿಸಿ, 8,750 ಆರ್‌ಪಿಎಂನಲ್ಲಿ ಸುಮಾರು 73. ಇಷ್ಟು ನೋಡಿದವರು ನಕ್ಕು ಎದ್ದು ಹೋಗುತ್ತಾರೆ. ಹೋಗುವ ಮೊದಲು ಟಾರ್ಕ್ ಕೂಡ ನೋಡಬೇಕು. ಆರ್6ನ ಗರಿಷ್ಠ ಟಾರ್ಕ್ 61.7 ನ್ಯೂಟನ್ ಮೀಟರ್, ಅದೂ 10,500 ಆರ್‌ಪಿಎಂ ತಲುಪಿದ ಮೇಲೆ. ಆರ್7ನದು 67 ನ್ಯೂಟನ್ ಮೀಟರ್, 6,500ಕ್ಕೇ ಸಿಗುತ್ತದೆ. ನಾವು ‘ಪಿಕಪ್’ ಎಂದು ಕರೆಯುವುದು ಇದನ್ನೇ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಂದರಿಂದ ಹೊರಬರುವಾಗ ಬೈಕು ಇರುವುದು ಮೂವತ್ತು ನಲವತ್ತು ಕಿಲೋಮೀಟರ್ ವೇಗದಲ್ಲಿ. ಅಲ್ಲಿ 10,500 ಆರ್‌ಪಿಎಂ ಎಲ್ಲಿಂದ ತರುವುದು? ಆರ್6 ಮೊದಲ ಗೇರಿನಲ್ಲೇ ನೂರು ಕಿಲೋಮೀಟರ್ ದಾಟುತ್ತದೆ. ನಮ್ಮಲ್ಲಿ ಚತುಷ್ಪಥ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಇರುವ ಮಿತಿ 80. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವೇ ಇಲ್ಲ.

ಇಲ್ಲಿ ವಿಜ್ಞಾನ ವಿಭಾಗದವರಿಗೆ ಒಂದು ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದ ಲೆಕ್ಕ. ಪಿಸ್ಟನ್ ಒಂದು ಸುತ್ತಿನಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತದೆ. ಹಾಗಾಗಿ ಅದರ ಸರಾಸರಿ ವೇಗ ಎಂದರೆ ಸ್ಟ್ರೋಕಿನ ಎರಡು ಪಟ್ಟನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದಷ್ಟು. ಆರ್6ನ ಸ್ಟ್ರೋಕ್ 42.5 ಮಿಲಿಮೀಟರ್, 14,500 ಆರ್‌ಪಿಎಂನಲ್ಲಿ ಪಿಸ್ಟನ್ ವೇಗ ಸೆಕೆಂಡಿಗೆ 20.5 ಮೀಟರ್. ಆರ್7ನ ಸ್ಟ್ರೋಕ್ 68.6 ಮಿಲಿಮೀಟರ್, 8,750 ಆರ್‌ಪಿಎಂನಲ್ಲಿ ಸೆಕೆಂಡಿಗೆ 20 ಮೀಟರ್. ಮೀಟರಿನ ಮುಳ್ಳು ಎಲ್ಲೆಲ್ಲೋ ಇದ್ದರೂ ಒಳಗಿನ ಪಿಸ್ಟನ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುತ್ತಿದೆ! ಅಂದರೆ ಆರ್7 ‘ಸೋಮಾರಿ’ ಇಂಜಿನ್ ಅಲ್ಲ. ನಾಲ್ಕು ಚಿಕ್ಕ ಪಿಸ್ಟನ್‌ಗಳು ಗಿಡ್ಡ ಹೆಜ್ಜೆ ಹಾಕುತ್ತವೆ, ಎರಡು ದೊಡ್ಡವು ಉದ್ದ ಹೆಜ್ಜೆ ಹಾಕುತ್ತವೆ. ಗಿಡ್ಡ ಹೆಜ್ಜೆಯವು ನಿಮಿಷಕ್ಕೆ ಹೆಚ್ಚು ಸಲ ಇಂಧನ ಸುಡುವುದರಿಂದ ಒಟ್ಟು ಶಕ್ತಿ ಜಾಸ್ತಿ. ಆ ಜಾಸ್ತಿಯೆಲ್ಲ ಇರುವುದು ಮುಳ್ಳಿನ ಕೊನೆಯ ತುದಿಯಲ್ಲಿ.

ಆ ತುದಿಗೇ ಈಗ ಕಾನೂನಿನ ಬಿಸಿ ತಟ್ಟಿರುವುದು. ಅಷ್ಟು ವೇಗದಲ್ಲಿ ಇಂಜಿನ್ ಉಸಿರಾಡಬೇಕಾದರೆ ಒಳಬರುವ ಮತ್ತು ಹೊರಹೋಗುವ ವಾಲ್ವ್‌ಗಳು ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರಬೇಕು. 14 ಸಾವಿರದಲ್ಲಿ ಇದು ಲಾಭ. 3 ಸಾವಿರದಲ್ಲಿ ಸುಡದ ಪೆಟ್ರೋಲ್ ನೇರವಾಗಿ ಸೈಲೆನ್ಸರಿಗೆ ನುಗ್ಗುತ್ತದೆ. ಯುರೋಪಿನಲ್ಲಿ 2020ರಲ್ಲಿ ಬಂದ ಯುರೋ 5, ನಮ್ಮಲ್ಲಿ ಅದೇ ವರ್ಷ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮಗಳು ಈ ಸುಡದ ಹೈಡ್ರೋಕಾರ್ಬನ್‌ಗೆ ಹಾಕಿದ ಮಿತಿ ಕಿಲೋಮೀಟರಿಗೆ 0.1 ಗ್ರಾಂ. ನಾಲ್ಕು ಸಿಲಿಂಡರಿನಿಂದ ಇದನ್ನು ಸಾಧಿಸಲು ಬರುವುದಿಲ್ಲ ಎಂದಲ್ಲ, ಸಾಧಿಸಲು ದುಡ್ಡು ಬೇಕು. ಕಡಿಮೆ ಮಾರಾಟವಾಗುವ 600ರ ಮೇಲೆ ಅಷ್ಟು ದುಡ್ಡು ಹಾಕಲು ಯಾವ ಕಂಪನಿಗೆ ಮನಸ್ಸು ಬರುತ್ತದೆ?

ದುಡ್ಡಿನ ಮಾತು ಬಂದದ್ದರಿಂದ ಭಾರತಕ್ಕೆ ಬರೋಣ. ಕವಾಸಕಿ ಝಡ್‌ಎಕ್ಸ್-4ಆರ್ 2023ರಲ್ಲಿ ಇಲ್ಲಿ ಬಿಡುಗಡೆಯಾದಾಗ ಶೋರೂಂ ಬೆಲೆ 8.49 ಲಕ್ಷ ರೂಪಾಯಿ. 399 ಸಿಸಿ, ನಾಲ್ಕು ಸಿಲಿಂಡರ್, 77 ಅಶ್ವಶಕ್ತಿ. ಅದೇ ವರ್ಷದ ಕೊನೆಗೆ ಬಂದ ಏಪ್ರಿಲಿಯಾ ಆರ್‌ಎಸ್457 ಎರಡು ಸಿಲಿಂಡರಿನದು, ಮಹಾರಾಷ್ಟ್ರದ ಬಾರಾಮತಿಯಲ್ಲಿ ತಯಾರಾಗುತ್ತದೆ, 47 ಅಶ್ವಶಕ್ತಿ, ಬಿಡುಗಡೆಯ ಬೆಲೆ 4.10 ಲಕ್ಷ. ಬೆಲೆಯ ಅಂತರದಲ್ಲಿ ಆಮದಿನ ಪಾಲೂ ಇದೆ, ಎಲ್ಲವನ್ನೂ ಸಿಲಿಂಡರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಇಲ್ಲೂ ಟಾರ್ಕ್ ನೋಡಿ: ಕವಾಸಕಿಯದು 39 ನ್ಯೂಟನ್ ಮೀಟರ್, 13 ಸಾವಿರ ಆರ್‌ಪಿಎಂಗೆ, ಏಪ್ರಿಲಿಯಾದ್ದು 43.5, ಸುಮಾರು ಅದರ ಅರ್ಧದಷ್ಟು ಆರ್‌ಪಿಎಂಗೆ. ಇದರ ಮೇಲೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಜಿಎಸ್‌ಟಿ ಶೇ 40, ಅದರೊಳಗಿನವಕ್ಕೆ ಶೇ 18. ನಮ್ಮಲ್ಲಿ ಅನೇಕರ ಮನೆಗೆ ಬೈಕು ಬರುವುದು ದುಬೈಯಲ್ಲೋ ದಮ್ಮಾಮಿನಲ್ಲೋ ದುಡಿಯುವ ಅಣ್ಣ ಕಳಿಸುವ ಹಣದಿಂದ. ಎಂದೂ ಮುಟ್ಟದ 13 ಸಾವಿರ ಆರ್‌ಪಿಎಂಗಾಗಿ ಅವನ ನಾಲ್ಕು ಲಕ್ಷ ಹೆಚ್ಚುವರಿ ಸುರಿಯುವುದು ಇಸ್ರಾಫ್ ಅಲ್ಲವೇನೋ ಎಂದು ಒಬ್ಬ ಗೆಳೆಯನನ್ನು ಕೆಣಕಿದೆ. ‘ಶೌಕ್‌ಗೆ ಲೆಕ್ಕ ಇಲ್ಲ’ ಎಂದ. ಅವನ ಅಣ್ಣನನ್ನು ಕೇಳಬೇಕಿತ್ತು.

ಕೊಂಡ ಮೇಲಿನ ಖರ್ಚು ಬೇರೆ. ನನ್ನ ಮಾಮ ಗ್ಯಾರೇಜು ನಡೆಸುತ್ತಾರೆ. ನಾಲ್ಕು ಸಿಲಿಂಡರ್ ಎಂದರೆ ಹದಿನಾರು ವಾಲ್ವ್, ನಾಲ್ಕು ಪ್ಲಗ್, ನಾಲ್ಕು ಇಂಜೆಕ್ಟರ್. ವಾಲ್ವಿನ ಸಂದು ಸರಿಮಾಡಲು ಇಡೀ ಬೈಕಿನ ಮೈ ಬಿಚ್ಚಬೇಕು, ಹದಿನಾರು ಕಡೆ ಅಳೆಯಬೇಕು. ‘ಎರಡು ಮಕ್ಕಳನ್ನು ಸುಧಾರಿಸುವುದೇ ಬೇರೆ, ನಾಲ್ಕು ಮಕ್ಕಳನ್ನು ಸುಧಾರಿಸುವುದೇ ಬೇರೆ ಮಗಾ’ ಎನ್ನುತ್ತಾರೆ ಮಾಮ. ಅವರಿಗೆ ಇರುವುದು ಐದು.

ಇನ್ನು ಶಬ್ದ. ನಿಜ ಹೇಳಬೇಕೆಂದರೆ ನಮ್ಮಲ್ಲಿ ತೊಂಬತ್ತು ಪಾಲು ವಾದ ನಡೆಯುವುದು ಇದರ ಮೇಲೆಯೇ. ಇದಕ್ಕೂ ಲೆಕ್ಕವಿದೆ. ಫೋರ್ ಸ್ಟ್ರೋಕ್ ಇಂಜಿನಿನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ, ಅಂದರೆ 720 ಡಿಗ್ರಿಗೆ, ಒಮ್ಮೆ ಸಿಡಿಯುತ್ತದೆ. ಸಾಮಾನ್ಯವಾದ ನಾಲ್ಕು ಸಿಲಿಂಡರಿನಲ್ಲಿ ಪ್ರತಿ 180 ಡಿಗ್ರಿಗೆ ಒಂದರಂತೆ ಸಮನಾಗಿ ಸಿಡಿತ. 14,500 ಆರ್‌ಪಿಎಂನಲ್ಲಿ ಸೆಕೆಂಡಿಗೆ 483 ಸಲ! ಅಷ್ಟು ಹತ್ತಿರ ಹತ್ತಿರದ ಸಿಡಿತಗಳು ಕಿವಿಗೆ ಬಿಡಿಬಿಡಿಯಾಗಿ ಕೇಳುವುದಿಲ್ಲ, ಒಂದೇ ಎಳೆಯ ಕೂಗಾಗುತ್ತದೆ. ಆ ಕೂಗು ನನಗೂ ಇಷ್ಟ. ಮೊಬೈಲಿನಲ್ಲಿ ಕೇಳಿದರೂ ಮೈ ನವಿರೇಳುತ್ತದೆ. ಆರ್7, ಆರ್‌ಎಸ್660, ಆರ್‌ಎಸ್457 ಇವುಗಳ ಕ್ರ್ಯಾಂಕ್ 270 ಡಿಗ್ರಿಯದು. ಒಂದು ಸಿಡಿತದಿಂದ ಇನ್ನೊಂದಕ್ಕೆ 270 ಡಿಗ್ರಿ, ಅಲ್ಲಿಂದ ಮತ್ತೆ ಮೊದಲಿನದಕ್ಕೆ 450. ಈ ಏರುಪೇರಿನಿಂದಲೇ ಆ ಕುಂಟುವ ಲಯದ ದಡದಡ. 90 ಡಿಗ್ರಿಯ ವಿ-ಟ್ವಿನ್ ಡುಕಾಟಿಯ ಲೆಕ್ಕವೂ ಇದೇ, ಹಾಗಾಗಿಯೇ ದನಿಯೂ ಹತ್ತಿರ. ಯಮಹಾ ಇದನ್ನು 1995ರ ಟಿಆರ್‌ಎಕ್ಸ್850ರಲ್ಲೇ ಮಾಡಿತ್ತು. ನಮ್ಮ ಊರಲ್ಲಿ ಕೇಳಬೇಕೆಂದರೆ ರಾಯಲ್ ಎನ್‌ಫೀಲ್ಡ್ 650 ಹೋಗುವಾಗ ಕಿವಿಗೊಡಿ, ಅದರದ್ದೂ 270 ಡಿಗ್ರಿಯೇ. ಅಂದಹಾಗೆ, ರಂಜಾನಿನಲ್ಲಿ ತರಾವೀಹ್ ಮುಗಿದ ಮೇಲೆ ಸೈಲೆನ್ಸರ್ ಕೊರೆದ ಬೈಕಿನಲ್ಲಿ ಬೀದಿ ಸುತ್ತುವವರಿಗೆ ಒಂದು ಮಾತು: ಒಂದೇ ಸಿಲಿಂಡರಿನ ಬೈಕಿಗೆ ಎಷ್ಟು ತೂತು ಕೊರೆದರೂ ಅದು 720 ಡಿಗ್ರಿಗೆ ಒಮ್ಮೆಯೇ ಸಿಡಿಯುವುದು. ಪಕ್ಕದ ಮನೆಯ ಮಗು ಎದ್ದು ಅಳುತ್ತದೆ, ಅಷ್ಟೇ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಸಾಕ್ಷಿ ಡುಕಾಟಿ. 1988ರಲ್ಲಿ ಶುರುವಾದ ವರ್ಲ್ಡ್ ಸೂಪರ್‌ಬೈಕ್ ರೇಸಿನಲ್ಲಿ ಎರಡು ಸಿಲಿಂಡರಿನ ಬೈಕು ಹಿಡಿದು ಜಪಾನಿನ ನಾಲ್ಕು ಸಿಲಿಂಡರುಗಳನ್ನು ಬೆವರಿಳಿಸಿದ ಕಂಪನಿ ಅದು. 1994ರ ಡುಕಾಟಿ 916 ಬೈಕಿನ ಚಿತ್ರ ಇವತ್ತಿಗೂ ಹುಡುಗರ ಮೊಬೈಲಿನಲ್ಲಿದೆ. ಇಂಗ್ಲೆಂಡಿನ ಕಾರ್ಲ್ ಫೋಗರ್ಟಿ ಗೆದ್ದ ನಾಲ್ಕೂ ಪ್ರಶಸ್ತಿಗಳು ಡುಕಾಟಿಯ ಮೇಲೆಯೇ. ಅಂಥ ಡುಕಾಟಿಯೇ 2018ರಲ್ಲಿ ಪಾನಿಗಾಲೆ ವಿ4 ತಂದು ತನ್ನ ದೊಡ್ಡ ಸೂಪರ್‌ಬೈಕಿಗೆ ನಾಲ್ಕು ಸಿಲಿಂಡರ್ ಕೂರಿಸಿತು. ‘ನೋಡು, ಅವರೇ ಬಿಟ್ಟರು’ ಎನ್ನುತ್ತಾರೆ ನನ್ನ ಗೆಳೆಯರು.

ಬಿಟ್ಟದ್ದು ಯಾಕೆಂದು ಕೇಳಬೇಕು. ಆ ರೇಸಿನ ಮೊದಲ ವರ್ಷಗಳಲ್ಲಿ ನಾಲ್ಕು ಸಿಲಿಂಡರಿಗೆ 750 ಸಿಸಿ ಮಿತಿಯಿದ್ದರೆ ಎರಡಕ್ಕೆ 1000 ಸಿಸಿ ಕೊಟ್ಟಿದ್ದರು. ಆ ರಿಯಾಯಿತಿ ಇದ್ದಾಗ ಎರಡು ಸಿಲಿಂಡರ್ ಗೆದ್ದಿತು. 2003ರಲ್ಲಿ ನಾಲ್ಕಕ್ಕೂ 1000 ಸಿಸಿ ಸಿಕ್ಕಿದ ಮೇಲೆ ಕಷ್ಟವಾಯಿತು. ಸಿಸಿ ಸಮಾನವಾಗಿ ಕಟ್ಟಿಹಾಕಿದರೆ ಸಿಲಿಂಡರ್ ಹೆಚ್ಚಿದ್ದವನೇ ಮುಂದೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ರಸ್ತೆಯಲ್ಲಿ ಯಾರೂ ನಮ್ಮ ಸಿಸಿಯನ್ನು ಹಾಗೆ ಕಟ್ಟಿಹಾಕಿಲ್ಲ. 600ರ ಬದಲು 700 ಕೊಟ್ಟು ಸಿಲಿಂಡರ್ ಅರ್ಧ ಮಾಡುವ ಸ್ವಾತಂತ್ರ್ಯ ರಸ್ತೆ ಬೈಕಿಗಿದೆ. ಅದೇ ಡುಕಾಟಿ 2025ಕ್ಕೆ ತಂದ ಹೊಸ ಪಾನಿಗಾಲೆ ವಿ2 ನೋಡಿ. ಹಳೆಯದು 955 ಸಿಸಿ, 155 ಅಶ್ವಶಕ್ತಿ. ಹೊಸದು 890 ಸಿಸಿ, 120 ಅಶ್ವಶಕ್ತಿ, ತೂಕವೂ ಕಡಿಮೆ, ಸಿಲಿಂಡರ್ ಎರಡೇ. ರೇಸಿನ ಮನೆತನದವರೇ ರಸ್ತೆಗೆಂದು ಬಂದಾಗ ಶಕ್ತಿ ಇಳಿಸಿದ್ದಾರೆ.

ಹಾಗೆಂದು ನಾಲ್ಕು ಸಿಲಿಂಡರ್ ಸಾಯುತ್ತದೆ ಎಂದು ನಾನು ಹೇಳುತ್ತಿಲ್ಲ. ಸಾವಿರ ಸಿಸಿಯಲ್ಲಿ, ಟ್ರ್ಯಾಕಿನಲ್ಲಿ, ಹಣ ಇದ್ದವರ ಮನೆಯಲ್ಲಿ ಅದು ಇರುತ್ತದೆ. ಕವಾಸಕಿ 2020ರಲ್ಲಿ ಇಂಡೋನೇಷ್ಯಾದಲ್ಲಿ 250 ಸಿಸಿಗೇ ನಾಲ್ಕು ಸಿಲಿಂಡರ್ ಇಟ್ಟು ಝಡ್‌ಎಕ್ಸ್-25ಆರ್ ಮಾರಿತು, ಚೀನಾದ ಕೋವ್ ಕಂಪನಿ 450ರಲ್ಲಿ ಮಾಡಿದೆ. ಮೂರು ಸಿಲಿಂಡರಿನ ಇನ್ನೊಂದು ದಾರಿಯೂ ಇದೆ: ಮೋಟೋ2 ರೇಸಿನಲ್ಲಿ 2019ರಿಂದ ಹೋಂಡಾದ ನಾಲ್ಕರ ಜಾಗಕ್ಕೆ ಟ್ರಯಂಫ್‌ನ ಮೂರು ಬಂದಿದೆ, ಯಮಹಾದ ಹೊಸ ಆರ್9 ಕೂಡ ಮೂರರದ್ದೇ. ಬೆಂಗಳೂರಿನ ಅಲ್ಟ್ರಾವಯೊಲೆಟ್ ಎಫ್77ಗೆ ಸಿಲಿಂಡರೇ ಇಲ್ಲ; ಆ ವಾದಕ್ಕೆ ಬೇರೆಯೇ ಲೇಖನ ಬೇಕು.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ತರುವುದು ಇನ್ನೊಂದು ಸಂಗತಿ. ಯುರೋಪಿನಲ್ಲಿ ಹದಿನೆಂಟರ ಹುಡುಗನಿಗೆ ಸಿಗುವ ಎ2 ಲೈಸೆನ್ಸಿನಲ್ಲಿ 35 ಕಿಲೋವ್ಯಾಟ್, ಅಂದರೆ ಸುಮಾರು 47 ಅಶ್ವಶಕ್ತಿಯವರೆಗಿನ ಬೈಕು ಮಾತ್ರ ಓಡಿಸಬಹುದು. ಆರ್‌ಎಸ್457ನ ಶಕ್ತಿ ಸರಿಯಾಗಿ ಅಲ್ಲಿಗೇ ನಿಂತಿರುವುದು ಆಕಸ್ಮಿಕವಲ್ಲ, ಆ ಮಿತಿಗೆಂದೇ ಮಾಡಿದ ಬೈಕು ಅದು. ನಮ್ಮಲ್ಲಿ ಅಂಥ ಹಂತಗಳಿಲ್ಲ. ಹದಿನೆಂಟು ತುಂಬಿ ನೂರು ಸಿಸಿ ಬೈಕಿನಲ್ಲಿ ಎಂಟು ಹಾಕಿ ತೋರಿಸಿ ಪಡೆದ ಲೈಸೆನ್ಸಿನಲ್ಲೇ ಮರುದಿನ ಇನ್ನೂರು ಅಶ್ವಶಕ್ತಿಯ ಬೈಕು ಏರಬಹುದು. ನಮ್ಮಲ್ಲೂ ಲೈಸೆನ್ಸಿಗೆ ಹಂತಗಳು ಬರಬೇಕು ಎಂಬುದು ನನ್ನ ಅಭಿಪ್ರಾಯ. ಬರುವವರೆಗೆ, ಹೊಸಬನ ಕೈಗೆ 6 ಸಾವಿರ ಆರ್‌ಪಿಎಂನಲ್ಲಿ ಇದ್ದದ್ದನ್ನೆಲ್ಲ ಕೊಟ್ಟು ಮುಗಿಸುವ ಇಂಜಿನ್ ವಾಸಿ. 10 ಸಾವಿರದವರೆಗೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಎಗರುವ ಇಂಜಿನ್ ಅಲ್ಲ.

ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಬರೆಯುವ ಮೊದಲು ನಿಮ್ಮ ಮೆಚ್ಚಿನ ಬೈಕಿನ ಸ್ಟ್ರೋಕ್ ಎಷ್ಟು, ಟಾರ್ಕ್ ಎಷ್ಟು ಆರ್‌ಪಿಎಂಗೆ ಸಿಗುತ್ತದೆ ಎಂದು ನೋಡಿಕೊಳ್ಳಿ. ಟಾಪ್ ಸ್ಪೀಡ್ ಎಲ್ಲರಿಗೂ ಬಾಯಿಪಾಠ ಇದೆ, ಅದು ಬೇಡ.