ಇದ್ದಿಲಿನ ಐಸ್‌ಕ್ರೀಮ್ ಬೇಕೇನ್ರೀ?

ನಮ್ಮ ಮುದ್ದೇಬಿಹಾಳದ ಕಡೆ ಇದ್ದಿಲು ಅಂದ್ರ ಇಸ್ತ್ರಿ ಪೆಟ್ಟಿಗೆಗೆ, ಹಳೇ ಮಂದಿಗೆ ಹಲ್ಲು ತಿಕ್ಕಲಿಕ್ಕೆ. ಕೆಂಡದಾಗ ಬದನೆಕಾಯಿ ಸುಟ್ಟರೂ ಕರಕಾದ ಸಿಪ್ಪೆ ಸುಲಿದೇ ರೊಟ್ಟಿ ಜೋಡಿ ತಿಂತೀವಿ. ಈಗ ನೋಡಿದ್ರ ದೊಡ್ಡ ಊರಾಗ ಇದ್ದಿಲಿನ ಕಪ್ಪು ಐಸ್‌ಕ್ರೀಮ್, ಕಪ್ಪು ಬನ್ನು... "ಮೈಯಾಗಿನ ವಿಷ ತೆಗೀತದ" ಅಂತ ಮ್ಯಾಲೊಂದು ಮಾತು!

ಇದು ಒಲಿಯಾಗಿನ ಇದ್ದಿಲಲ್ಲ, ಆಕ್ಟಿವೇಟೆಡ್ ಚಾರ್ಕೋಲ್. ವಿಪರೀತ ಶಾಖದಾಗ ಹಬೆ ಹಾಯಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಮಾಡಿರ್ತಾರ. ಕೆಲವು ವಿಷ ಹೊಟ್ಟಿಗೆ ಹೋದಾಗ, ರೋಗಿ ಬೇಗ ಬಂದ್ರ, ಆಸ್ಪತ್ರೆಯಾಗ ದೊಡ್ಡವರಿಗೆ ಸುಮಾರು 50 ಗ್ರಾಂ ಕೊಡೋದುಂಟು. ವಿಷ ಅದಕ್ಕ ಅಂಟಿಕೊಂಡು ಹೊರಗ ಹೋಗ್ತದ. ಆದ್ರ ವಿಷ ಯಾವುದು, ಔಷಧ ಯಾವುದು ಅಂತ ಅದಕ್ಕ ತಿಳಿಯಂಗಿಲ್ಲ. ಫಿಟ್ಸ್‌ಗೆ ನುಂಗಿದ ಮಾತ್ರೆಯನ್ನೂ ಹಿಡಕೊಂಡೀತು! ನ್ಯೂಯಾರ್ಕ್ ನಗರದ ಹೋಟೆಲುಗಳಾಗ 2018ರಾಗೇ ಇದನ್ನ ತಡದ್ರು.

ದಿನಾ ಮೈ ಸ್ವಚ್ಛ ಮಾಡಲಿಕ್ಕೆ ಲಿವರ್, ಕಿಡ್ನಿ ಅದಾವಲ್ರೀ. ಬಣ್ಣದ ಶೋಕಿಗೆ ಮಾರ್ತೀವಿ ಅಂದ್ರೂ, "ಮಾತ್ರೆ ತಗೊಳ್ಳೋರು ತಿನ್ನಬ್ಯಾಡ್ರಿ" ಅಂತ ಬೋರ್ಡಾದ್ರೂ ಹಾಕಬೇಕು. ಆರೋಗ್ಯದ ಹೆಸರಲ್ಲಿ ಮಾರೋದಂತೂ ಪೂರಾ ಬಂದ್ ಆಗಲಿ.

ನೀವೇನಂತೀರಿ?