ಯೋಧನ ಮಾತಿಗೆ ಕಿವಿಗೊಡುವವರು

ಯುದ್ಧದ ವಾರ್ತೆ ದೂರದಿಂದ ಕೇಳುವವರಿಗೆ ರಮ್ಯವೆಂಬುದು ಹಳೆಯ ನುಡಿ. ಅದರಲ್ಲಿ ಪಾಲ್ಗೊಂಡು ಬಂದವನಿಗಾದರೋ ಅದು ಬಾಯಿಬಿಟ್ಟು ಹೇಳಲಾರದ ಭಾರ. ಆ ಭಾರವನ್ನು ಹೊತ್ತುಕೊಂಡೇ ಕಾಲೇಜಿನ ಮೆಟ್ಟಿಲೇರುವ ವಿದ್ಯಾರ್ಥಿಗಳು ಅಮೆರಿಕದಲ್ಲಿ ಬಹು ಮಂದಿ.

ಸೈನ್ಯದಿಂದ ಮರಳಿದವರ ವ್ಯಾಸಂಗಕ್ಕೆ ನೆರವೀಯುವ ಶಾಸನವನ್ನು ಅಲ್ಲಿನ ಸರ್ಕಾರವು 1944ರಲ್ಲಿ ಮಾಡಿತು. ಎರಡನೆಯ ಮಹಾಯುದ್ಧದಲ್ಲಿ ದುಡಿದ ಸುಮಾರು 22 ಲಕ್ಷ ಮಂದಿ ಅದರ ಬಲದಿಂದ ಕಾಲೇಜು ಸೇರಿದರು. ಇರಾಕ್, ಆಫ್ಘಾನಿಸ್ತಾನಗಳ ಕಾಲದ ಯೋಧರಿಗಾಗಿ 2008ರಲ್ಲಿ ಅಂಥದೇ ಇನ್ನೊಂದು ಶಾಸನವಾಯಿತು. ಹೀಗಾಗಿ ಹದಿನೆಂಟರ ಹುಡುಗನ ಪಕ್ಕದಲ್ಲಿಯೇ, ಗುಂಡಿನ ಸದ್ದು ಕೇಳಿ ಬಂದ ಮಾಜಿ ಸೈನಿಕನೂ ಕುಳಿತು ಅದೇ ಪಾಠವನ್ನು ಬರೆದುಕೊಳ್ಳುತ್ತಾನೆ. ಇಬ್ಬರ ನಡುವೆ ಅಂತರ ಗೇಣಿನಷ್ಟು. ಅನುಭವದ ಅಂತರ ಮಾತ್ರ ಅಗಾಧ. ‘ಅಲ್ಲಿ ಯಾರನ್ನಾದರೂ ಕೊಂದೆಯಾ?’ ಎಂದು ಹುಡುಗನು ಕುತೂಹಲದಿಂದ ಕೇಳಿಬಿಟ್ಟರೆ ಸೈನಿಕನ ಬಾಯಿಗೆ ಬೀಗ ಬೀಳುತ್ತದೆ.

ಆ ಬೀಗವನ್ನು ತೆರೆಯುವ ಮಾರ್ಗಗಳಲ್ಲಿ ಮೌಖಿಕ ಇತಿಹಾಸವೂ ಒಂದು. ಅಮೆರಿಕದ ಸಂಸತ್ಸದಸ್ಯರಾಗಿದ್ದ ರಾನ್ ಕೈಂಡ್ ಅವರು, ತಮ್ಮ ತಂದೆಯೂ ಚಿಕ್ಕಪ್ಪನೂ ಸೈನ್ಯದ ದಿನಗಳನ್ನು ನೆನೆಯುತ್ತಿದ್ದಾಗ, ತಮ್ಮ ಮಕ್ಕಳು ಮುಂದೆ ಕೇಳಲೆಂದು ವಿಡಿಯೋ ಕ್ಯಾಮೆರಾ ತಂದು ಆ ಮಾತುಗಳನ್ನು ಹಿಡಿದಿಟ್ಟರು. ಆ ಪ್ರೇರಣೆಯಿಂದ ಹುಟ್ಟಿದ್ದೇ 2000ದ ಅಕ್ಟೋಬರಿನಲ್ಲಿ ಶಾಸನಬದ್ಧವಾದ ‘ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್’. ಒಂದು ಲಕ್ಷಕ್ಕೂ ಮಿಕ್ಕಿದ ಯೋಧರ ನೆನಪುಗಳು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಸುರಕ್ಷಿತವಾಗಿವೆ. ಅಲ್ಲಿ ಸೇನಾಪತಿಗೂ ದಾದಿಗೂ ಅಡಿಗೆಯವನಿಗೂ ಒಂದೇ ಮಣೆ. ಮುದ್ರಿಸಿದ ಸಂದರ್ಶನವು ಕನಿಷ್ಠ ಮೂವತ್ತು ನಿಮಿಷವಿರಬೇಕು. ಅದನ್ನು ಕತ್ತರಿಸಿ ತಿದ್ದಬಾರದು. ಪ್ರೌಢಶಾಲೆಯ ದೊಡ್ಡ ತರಗತಿಗಳ ಮಕ್ಕಳೂ ಸಂದರ್ಶನ ಮಾಡಬಹುದು.

ಕ್ಯಾಮೆರಾ ಹಿಡಿದವನೇ ಯುದ್ಧ ಕಂಡ ವಿದ್ಯಾರ್ಥಿಯಾಗಿದ್ದರಂತೂ ಆ ಸಂದರ್ಶನದ ಸ್ವರೂಪವೇ ಬೇರೆ. ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬಾರದು ಎಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಹುಟ್ಟಿದೂರು, ಸೈನ್ಯಕ್ಕೆ ಸೇರಿದ ದಿನ, ಊಟ, ಮನೆಯಿಂದ ಬಂದ ಕಾಗದ — ಇಂಥ ಸಣ್ಣ ಸಂಗತಿಗಳಿಂದ ಮಾತು ಮೊದಲಾಗುತ್ತದೆ. ದೊಡ್ಡ ನೋವು ತಾನಾಗಿ ಬಂದರೆ ಬರುತ್ತದೆ, ಬಾರದಿದ್ದರೆ ಇಲ್ಲ. ಬಲವಂತವಾಗಿ ಹೊರಡಿಸಿದ ಮಾತು ಗಾಯವನ್ನು ಮತ್ತೆ ಕೆದಕಿದಂತೆಯೇ ಸರಿ.

ಸಾಕ್ಷ್ಯಚಿತ್ರ ತಯಾರಿಸುವವರ ಹೊಣೆ ಇನ್ನೂ ಹಿರಿದು. ಗಂಟೆಗಳ ಮಾತಿನಿಂದ ಕೆಲವೇ ನಿಮಿಷಗಳನ್ನು ಅವರು ಆರಿಸಿಕೊಳ್ಳುತ್ತಾರೆ. ಕಣ್ಣೀರನ್ನು ಮಾತ್ರ ಉಳಿಸಿಕೊಂಡರೆ ಯೋಧನು ಕೇವಲ ಕರುಣೆಯ ಪಾತ್ರನಾಗುತ್ತಾನೆ. ಸಾಹಸವನ್ನು ಮಾತ್ರ ಉಳಿಸಿಕೊಂಡರೆ ಗೋಡೆಯ ಮೇಲಿನ ಚಿತ್ರವಾಗುತ್ತಾನೆ. ಎರಡರ ನಡುವೆ ಇರುವ ಮನುಷ್ಯನು ಕೈತಪ್ಪಿಹೋಗುತ್ತಾನೆ. ಮೂಲ ಮುದ್ರಣವನ್ನು ಇಡಿಯಾಗಿ ಕಾಪಾಡಬೇಕಾದುದು ಇದಕ್ಕಾಗಿಯೇ.

ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಅಮೆರಿಕನ್ನರು ಸುಮಾರು 1 ಕೋಟಿ 60 ಲಕ್ಷ. ಇಂದು ಬದುಕಿರುವವರು ಒಂದು ಲಕ್ಷಕ್ಕೂ ಕಡಮೆ. ಉಳಿದವರಲ್ಲಿ ಬಹುಮಂದಿಯ ಅನುಭವ ಅವರೊಂದಿಗೇ ಮಣ್ಣಾಯಿತು. ಇಂದಿನ ತರುಣ ಯೋಧರು ವೃದ್ಧಾಪ್ಯಕ್ಕೆ ಕಾಯದೆ ಈಗಲೇ ನುಡಿಯತೊಡಗಿರುವುದು ಶುಭಸೂಚನೆ. ಸೋಲು ಗೆಲವುಗಳ ಲೆಕ್ಕವನ್ನು ಸರ್ಕಾರದ ಕಡತಗಳು ಹೇಳಬಲ್ಲವು. ಆ ಲೆಕ್ಕದಲ್ಲಿ ಮನುಷ್ಯನು ತೆತ್ತುದೇನೆಂಬುದನ್ನು ತೆತ್ತವನೇ ಹೇಳಬೇಕು. ಅವನು ಹೇಳುವ ತನಕ ಕಾಯುವ ತಾಳ್ಮೆ ಕೇಳುವವರಲ್ಲಿರಬೇಕು.