ಅರಮನೆಗೊಂದು ನ್ಯಾಯ, ಕೆರೆಗೊಂದು ನ್ಯಾಯ

ಬೆಂಗಳೂರಿನ ಕೋಟೆಯ ಬಳಿ ಟಿಪ್ಪು ಸುಲ್ತಾನನ ಮರದ ಅರಮನೆ ಇದೆ; 1791ರಲ್ಲಿ ಮುಗಿದ ಕಟ್ಟಡ. ಅದರಿಂದ 100 ಮೀಟರಿನೊಳಗೆ ಯಾರೂ ಹೊಸ ಗೋಡೆ ಎಬ್ಬಿಸದಂತೆ 2010ರ ತಿದ್ದುಪಡಿ ತಡೆದಿದೆ. ಅದರಾಚೆ ಇನ್ನೂ 200 ಮೀಟರಿಗೆ ಅಪ್ಪಣೆ ಬೇಕು. ಬೇಕಾದ್ದೇ. ಅರಮನೆಯ ಮೇಲೆ ನಮಗೆ ಮುನಿಸಿಲ್ಲ. ನಾವು ಕೇಳುವುದು ಸಾರಕ್ಕಿ ಕೆರೆಯ ಲೆಕ್ಕ.

ಜೆ.ಪಿ. ನಗರದ ಮಗ್ಗುಲಿನ ಈ ಕೆರೆಯ ಹರವು ಸುಮಾರು 82 ಎಕರೆ. ಬಯಲುಸೀಮೆಯ ಕೆರೆಗಳೆಲ್ಲ ಮಂಕರಿಯಲ್ಲಿ ಮಣ್ಣು ಹೊತ್ತ ಕೂಲಿಗಳ, ಒಕ್ಕಲು ಮಕ್ಕಳ ದುಡಿಮೆ. ಕಟ್ಟಿಸಿದವನ ಹೆಸರನ್ನು ಕಲ್ಲು ಹೇಳುತ್ತದೆ. ಕಟ್ಟಿದವನ ಹೆಸರನ್ನು ಹೇಳುವುದು ಅಪರೂಪ.

2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಯಂತ್ರಗಳನ್ನು ನುಗ್ಗಿಸಿ ಇಲ್ಲಿ 30 ಎಕರೆಗೂ ಹೆಚ್ಚಿನ ಒತ್ತುವರಿಯನ್ನು ತೆರವು ಮಾಡಿತು. ಮನೆ ಕಳೆದುಕೊಂಡವರಲ್ಲಿ ಹಲವರು ಕ್ರಯಪತ್ರ ಹಿಡಿದು, ಕಂದಾಯ ಕಟ್ಟಿಕೊಂಡು ಬಂದಿದ್ದವರು. ಕೆರೆಯಂಗಳವನ್ನು ನಿವೇಶನ ಮಾಡಿ ಮಾರಿ ಹಣ ಎಣಿಸಿಕೊಂಡವರ ಮನೆ ಎಷ್ಟು ಉರುಳಿದವು? ಆ ಕಾಗದಗಳಿಗೆ ಮೊಹರು ಒತ್ತಿದ ಕೈ ಯಾವುದು?

ಕೆರೆ ಸ್ಮಾರಕವಾಗುವುದುಂಟೇ ಎಂದು ನಗುವ ಮಹಾಶಯರು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯನ್ನು ಒಮ್ಮೆ ಓದಲಿ. 100 ವರ್ಷಕ್ಕೆ ಕಡಿಮೆಯಿಲ್ಲದ, ಚರಿತ್ರೆಯ ದೃಷ್ಟಿಯಿಂದ ಬೆಲೆಯುಳ್ಳ ನಿರ್ಮಾಣಕ್ಕೆ ಅದರ ವ್ಯಾಖ್ಯೆಯಲ್ಲಿ ಜಾಗವಿದೆ. ರಾಜ್ಯದ್ದೇ ಆದ 1961ರ ಕಾಯಿದೆಯೂ ಇದೆ. ಏರಿ, ತೂಬು, ಕೋಡಿ ನಿರ್ಮಾಣಗಳಲ್ಲದೆ ಮತ್ತೇನು? ಕಾಯಿದೆಯಲ್ಲಿ ಇರುವ ಜಾಗ ಅಧಿಕಾರಿಯ ತಲೆಯಲ್ಲಿ ಇಲ್ಲ, ಅಷ್ಟೆ. 2014ರ ಕೆರೆ ಕಾಯಿದೆ ಸಾಲದೇ ಎಂದೂ ಕೇಳುತ್ತಾರೆ. ಅದು ಕೆರೆಯನ್ನು ನೀರೆಂದು, ಜಮೀನೆಂದು ಕಾಣುತ್ತದೆ. ಜನ ಕಟ್ಟಿದ ಚರಿತ್ರೆಯೆಂದು ಕಾಣುವುದಿಲ್ಲ.

ಕಾಣುವುದಾದರೂ ಹೇಗೆ? ರಾಜಧಾನಿಯಲ್ಲಿ ಕೆರೆ ನುಂಗುವುದನ್ನು ಕಲಿಸಿಕೊಟ್ಟದ್ದೇ ಸರ್ಕಾರ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಕೂತಿದೆ. ದೊಡ್ಡವರು ಮಾಡಿದರೆ ಅದಕ್ಕೆ ಅಭಿವೃದ್ಧಿ ಎಂದು ಹೆಸರು, ಮೂವತ್ತು-ನಲವತ್ತರ ಸೈಟು ಕೊಂಡವನಿಗೆ ಒತ್ತುವರಿದಾರನೆಂಬ ಪಟ್ಟ!

ಸಾರಕ್ಕಿಯಲ್ಲಿ ಏರಿ, ತೂಬು, ಕೋಡಿ, ಕಾಲುವೆ ಏನೇನು ಉಳಿದಿದೆಯೋ ಅದನ್ನೆಲ್ಲ ಪುರಾತತ್ವ ಇಲಾಖೆ ಅಳೆದು, 1961ರ ಕಾಯಿದೆಯ ಅಡಿಯಲ್ಲಿ ಸಂರಕ್ಷಿತವೆಂದು ಸಾರಬೇಕು. ಅಂಗಳ ಮಾರಿದವರ ಮತ್ತು ಮೊಹರು ಒತ್ತಿದವರ ಹೆಸರುಗಳನ್ನು ಕೆರೆಯ ಏರಿಯ ಮೇಲೆಯೇ ಫಲಕದಲ್ಲಿ ಬರೆಸಬೇಕು. ಫಲಕದ ಖರ್ಚನ್ನು ಅವರಿಂದಲೇ ವಸೂಲು ಮಾಡಲಿ.